ಗೋಡೆ ಏನ್ ಮಾಡ್ತು ನಿಂಗೆ?

ಬೆಂಗಳೂರಲ್ಲಿ ಯಾರ ಮನೆಗೆ ಏನು ಬಂತು ಅಂತ ಪಕ್ಕದ ಮನೆಯವರಿಗೆ ಗೊತ್ತಾಗಲ್ಲ. ಲಕ್ಕೂರಲ್ಲಿ ಹಾಗಲ್ಲ. ಗಾಡಿ ಮಾಲೂರು ಬಿಟ್ಟಿದ್ದೇ ತಡ, ಡ್ರೈವರು ದಾರಿ ಕೇಳಿದ ಅಂಗಡಿಯವರಿಗೆಲ್ಲ ಡಬ್ಬದ ಉದ್ದ, ಅಗಲ, ತೂಕ, ಅಂದಾಜು ಬೆಲೆ ಸಮೇತ ತಿಳಿದುಬಿಡುತ್ತೆ. ನಮ್ಮ ಚಿಕ್ಕಪ್ಪನ ಮಗನ ಹೆಸರಿಗೆ ಅದು ಬಂದಾಗ ಮೊದಲು ಹುಟ್ಟಿದ ಸುದ್ದಿ ಟೀವಿ ಅಂತ. ಆಮೇಲೆ ಸೋಲಾರು ಅಂತಾಯಿತು. ಗೋಡೆಗೆ ತೂತು ಕೊರೆಯೋ ಹುಡುಗ ಬಂದ ಮೇಲೆ ನೀರಿನ ಫಿಲ್ಟರು ಅಂತ ತೀರ್ಮಾನ ಆಯಿತು. ಬೋರು 1500 ಅಡಿಗೆ ಇಳಿದಿರೋ ಜಿಲ್ಲೆಯಲ್ಲಿ ಯಾವ ಊಹೆಯಾದರೂ ಕೊನೆಗೆ ನೀರಿಗೇ ಬಂದು ನಿಲ್ಲೋದು.

ಬಂದಿದ್ದು ಜಿಮ್ಮು. ಇಡೀ ಜಿಮ್ಮು, ಗೋಡೆಗೆ ನೇತುಹಾಕೋ ಅಂಥದ್ದು. ನಮ್ಮ ತಮ್ಮನಿಗೆ ವೈಟ್‌ಫೀಲ್ಡಿನಲ್ಲಿ ಕೆಲಸ. ವಾರಕ್ಕೆ ಎರಡು ದಿನ ಮಾಲೂರು ಸ್ಟೇಷನ್ನಲ್ಲಿ ರೈಲು ಹತ್ತುತ್ತಾನೆ, ಮಿಕ್ಕ ದಿನ ಮಹಡಿ ಕೋಣೇಲಿ ಕೂತು ಅಮೆರಿಕದವರ ಜೊತೆ ಮಾತಾಡ್ತಾನೆ. ಕೂತೂ ಕೂತೂ ಹೊಟ್ಟೆ ಬಂತು, ಸೊಂಟ ಹಿಡೀತು. ಡಾಕ್ಟರು, 'ಸ್ವಲ್ಪ ಭಾರ ಎತ್ತಿ, ಮೈ ಗಟ್ಟಿ ಮಾಡ್ಕೊಳ್ಳಿ' ಅಂದರು. ಇಲ್ಲೀತನಕ ಯಾರದೂ ತಪ್ಪಿಲ್ಲ. ಆಮೇಲೆ ಅವನು ಫೋನು ತೆಗೆದ.

ಈ ಯಂತ್ರದಲ್ಲಿ ಕಬ್ಬಿಣದ ಬಿಲ್ಲೆ ಒಂದೂ ಇಲ್ಲ. ಆಳೆತ್ತರದ ಪರದೆ, ಎರಡು ಪಕ್ಕಕ್ಕೆ ಎರಡು ತೋಳು, ತೋಳಿನ ತುದಿಯಿಂದ ಹಗ್ಗ, ಹಗ್ಗಕ್ಕೆ ಹಿಡಿ. ಒಳಗೆ ಮೋಟಾರು. ಪರದೆ ಮೇಲೆ 20 ಕೆಜಿ ಅಂತ ಒತ್ತಿದರೆ ಮೋಟಾರು ಹಗ್ಗವನ್ನ ಅಷ್ಟು ಬಿಗಿಯಾಗಿ ತನ್ನ ಕಡೆ ಎಳ್ಕೊಳ್ಳುತ್ತೆ, ನೀವು ನಿಮ್ಮ ಕಡೆ ಎಳೀಬೇಕು. ಅಮೆರಿಕದ ಟೋನಲ್ ಅನ್ನೋ ಕಂಪನಿ 2018ರಲ್ಲಿ ಇಂಥದ್ದನ್ನ ಮಾರೋಕೆ ತಂದು 200 ಪೌಂಡ್, ಅಂದರೆ ಸುಮಾರು 90 ಕೆಜಿ ತನಕ ಜನರ ಕೈಲಿ ಎಳೆಸಿತು. ಅದಕ್ಕೆ ಇನ್ನೊಂದು ಜಾಣತನವೂ ಇದೆ: ಎತ್ತುವಾಗ 20 ಇದ್ದದ್ದನ್ನ ಇಳಿಸುವಾಗ ತಾನೇ 25 ಮಾಡುತ್ತೆ. ಮಾಂಸಖಂಡಕ್ಕೆ ಎತ್ತೋ ತಾಕತ್ತಿಗಿಂತ ಇಳಿಸೋ ತಾಕತ್ತು ಜಾಸ್ತಿಯಂತೆ, ಮಾರನೇ ದಿನದ ನೋವೂ ಬಹುಪಾಲು ಇಳಿಸಿದ್ದರದ್ದೇ ಅಂತೆ. ತಮ್ಮ ಇದನ್ನ ವಿಜ್ಞಾನ ಅಂತ ವಿವರಿಸ್ತಾ ಇದ್ದಾಗ, ಅಟ್ಟದಿಂದ ರಾಗಿ ಮೂಟೆ ಇಳಿಸಿ ಬಂದಿದ್ದ ಆಳು ಸೊಂಟ ಹಿಡ್ಕೊಂಡೇ ಹೌದೌದು ಅಂತ ತಲೆಯಾಡಿಸಿದ.

ಮೊರದಲ್ಲಿ ಮೆಣಸಿನಕಾಯಿ ಒಣಗಹಾಕೋಕೆ ಮಹಡಿಗೆ ಬಂದ ದೊಡ್ಡಮ್ಮ ಬಾಗಿಲಲ್ಲೇ ನಿಂತಳು. 'ಏನಪ್ಪಾ ಇದು, ಹಗ್ಗ ಕಟ್ಟಿ ಗೋಡೇನ ಎಳೀತಾ ಇದೀಯಾ, ಗೋಡೆ ಏನ್ ಮಾಡ್ತು ನಿಂಗೆ?' ಅಂದಳು. ಅವನು ಉತ್ತರ ಕೊಡೋಕೆ ಉಸಿರು ತಗೊಳ್ಳೋ ಹೊತ್ತಿಗೆ ಕರೆಂಟು ಹೋಯ್ತು. ಕರೆಂಟಿನ ಜೊತೆ ತೂಕಾನೂ ಹೋಯ್ತು. 30 ಕೆಜಿ ಎಳೀತಿದ್ದವನ ಕೈಗೆ ಬರೀ ಹಗ್ಗ ಉಳಿದು, ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ ಮೆಣಸಿನಕಾಯಿ ಮೊರದಲ್ಲಿ ಕೂತ. 'ಅಯ್ಯೋ, ಭಾರ ಎಲ್ಲೋಯ್ತಪ್ಪಾ?' ಅಂತ ದೊಡ್ಡಮ್ಮ ಗಾಬರಿಯಿಂದ ಸುತ್ತ ನೋಡಿದಳು. ನಮ್ಮನೆ ರಾಗಿ ಮೂಟೆ ಕರೆಂಟಿದ್ದರೂ 50 ಕೆಜಿ, ಇಲ್ಲದಿದ್ದರೂ 50 ಕೆಜಿ. ಕೋಲಾರದ ಮಂಡಿಗೆ ಹೋಗೋ ಟೊಮೇಟೊ ಬಾಕ್ಸು 15 ಕೆಜಿ. ರೇಟು ಬಿದ್ದ ದಿನ ಅದು ಹಗುರ ಆಗಲ್ಲ, ಇನ್ನಷ್ಟು ಭಾರ ಅನ್ನಿಸುತ್ತೆ ಅಷ್ಟೆ.

ಯಂತ್ರದ ಜೊತೆಗೆ ಮಣಿಕಟ್ಟಿಗೆ ಒಂದು ಬ್ಯಾಂಡು. ಚರ್ಮದೊಳಕ್ಕೆ ಹಸಿರು ಬೆಳಕು ಬಿಟ್ಟು, ರಕ್ತ ಅದರಲ್ಲಿ ಎಷ್ಟು ಹೀರಿಕೊಂಡಿತು ಅಂತ ನೋಡಿ ನಾಡಿಬಡಿತ ಹೇಳುತ್ತೆ. ಕೈ ಎಷ್ಟು ಬೀಸಿತು ಅಂತ ನೋಡಿ ಹೆಜ್ಜೆ ಎಣಿಸುತ್ತೆ. ದಿನಕ್ಕೆ 10,000 ಹೆಜ್ಜೆ ಆಗದಿದ್ದರೆ ನಮ್ಮ ತಮ್ಮ ರಾತ್ರಿ ಹತ್ತು ಗಂಟೆಗೆ ಅಂಗಳದಲ್ಲಿ ಗಸ್ತು ಹೊಡೀತಾನೆ, ಬೀದಿನಾಯಿಗಳಿಗೂ ಈಗ ಅಭ್ಯಾಸವಾಗಿ ಬೊಗಳೋದು ಬಿಟ್ಟಿವೆ. ಈ ಹತ್ತು ಸಾವಿರ ಯಾವ ಡಾಕ್ಟರು ಬರಕೊಟ್ಟಿದ್ದೂ ಅಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸೋ ಡಬ್ಬಿ ಮಾರೋಕೆ ಇಟ್ಕೊಂಡ ಸಂಖ್ಯೆ. ನಮ್ಮ ಮಾಲೂರು ತಾಲ್ಲೂಕಿನವರೇ ಆದ ಮಾಸ್ತಿ ವೆಂಕಟೇಶ ಅಯ್ಯಂಗಾರರು 1891ರ ಜೂನ್ 6ಕ್ಕೆ ಹುಟ್ಟಿ 1986ರ ಜೂನ್ 6ಕ್ಕೇ ಹೊರಟರು. 95 ವರ್ಷ, ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಡಿಮೆಯಿಲ್ಲ. ಅಷ್ಟು ಅಚ್ಚುಕಟ್ಟಾದ ಲೆಕ್ಕ ಯಾವ ಬ್ಯಾಂಡಿಗೆ ಬರುತ್ತೆ?

ಒಂದು ದಿನ ತಮಾಷೆಗೆ ಆ ಬ್ಯಾಂಡನ್ನ ದೊಡ್ಡಮ್ಮನ ಕೈಗೆ ಕಟ್ಟಿದೆವು. ಬೆಳಗ್ಗೆ ಕೊಟ್ಟಿಗೇಲಿ ಕುಕ್ಕರುಗಾಲಲ್ಲಿ ಕೂತು ಹಾಲು ಕರೆದಳು. ಎರಡು ಕೈ ಜಗ್ಗಿ ಜಗ್ಗಿ ಕರೆದದ್ದನ್ನ ಬ್ಯಾಂಡು ನಡಿಗೆ ಅಂತ ತಿಳ್ಕೊಂಡು, ಕೂತ ಜಾಗದಲ್ಲೇ ಅವಳನ್ನ ಡೈರಿ ತನಕ ಕಳಿಸಿತು. ಮುದ್ದೆ ಕೋಲು ಹಿಡಿದು ಹಿಟ್ಟು ತೊಳಸಿದಾಗ ಇನ್ನೊಂದಿಷ್ಟು ದೂರ. ಆಮೇಲೆ ತೋಟಕ್ಕೆ ಹೋಗಿ ಹಿಪ್ಪುನೇರಳೆ ಸೊಪ್ಪಿನ ಹೊರೆ ತಲೆ ಮೇಲಿಟ್ಟು, ಎರಡೂ ಕೈಯಲ್ಲಿ ಹೊರೆ ಹಿಡ್ಕೊಂಡು ಹುಳದ ಮನೆ ತನಕ ನಡೆದು ಬಂದಳು. ಬ್ಯಾಂಡಿನ ಲೆಕ್ಕದಲ್ಲಿ ಅದು ನಡಿಗೇನೇ ಅಲ್ಲ, ಕೈ ಬೀಸಲಿಲ್ಲವಲ್ಲ! ಅಂದರೆ ಕೂತಾಗ ನಡೆದಳು, ನಡೆದಾಗ ಕೂತಳು. 'ಇದಕ್ಕೆ ನಮ್ಮ ಯಜಮಾನ್ರ ಬುದ್ಧಿ, ಹೊರೆ ಹೊತ್ತಿದ್ದು ಕಾಣಲ್ಲ' ಅಂತ ದೊಡ್ಡಮ್ಮ ಬಿಚ್ಚಿಕೊಟ್ಟಳು.

ಕ್ಯಾಲೊರಿ ಲೆಕ್ಕ ಇನ್ನೂ ಚೆಂದ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಏಳು ಬಗೆಯ ಬ್ಯಾಂಡುಗಳನ್ನ ಪರೀಕ್ಷೆ ಮಾಡಿದರು. ನಾಡಿಬಡಿತ ಹೇಳೋದರಲ್ಲಿ ಆರು ಬ್ಯಾಂಡು ಪರವಾಗಿಲ್ಲ. ಕರಗಿದ ಕ್ಯಾಲೊರಿ ಹೇಳೋದರಲ್ಲಿ ಮಾತ್ರ ಎಲ್ಲಕ್ಕಿಂತ ಒಳ್ಳೇದೇ ಸರಾಸರಿ ಶೇಕಡಾ 27ರಷ್ಟು ತಪ್ಪಿತ್ತು, ಎಲ್ಲಕ್ಕಿಂತ ಕೆಟ್ಟದ್ದು ಶೇಕಡಾ 93. ನಮ್ಮ ತಮ್ಮ ಆ ಕ್ಯಾಲೊರಿಯನ್ನ ನಂಬಿ ಯುಗಾದಿ ದಿನ ಎರಡು ಒಬ್ಬಟ್ಟು ಜಾಸ್ತಿ ಹಾಕಿಸ್ಕೊಂಡ. ತುಪ್ಪದ ಲೆಕ್ಕ ಬೇರೆ.

ಮನೇಲೇ ಮೈ ಕಟ್ಟೋದನ್ನ ಅಮೆರಿಕದಿಂದ ಕಲೀಬೇಕಾದ ಜಿಲ್ಲೆಯೇನೂ ನಮ್ಮದಲ್ಲ. ಮುಳಬಾಗಿಲು ಕಡೆಯ ದೇವರಾಯಸಮುದ್ರದಲ್ಲಿ ಹುಟ್ಟಿದ ಕೆ.ವಿ. ಅಯ್ಯರ್ ಬೆಂಗಳೂರಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸ್ತಾ, ನಮ್ಮ ತಾತಂದಿರ ಕಾಲದಲ್ಲೇ ಅಂಚೆ ಮೂಲಕ ದೇಹಸಾಧನೆಯ ಪಾಠ ಕಳಿಸ್ತಿದ್ದರು. 'ಶಾಂತಲಾ', 'ರೂಪದರ್ಶಿ' ಬರೆದ ಅಯ್ಯರ್ ಅವರೇ; ಕಾದಂಬರಿ ಓದಿದವರಿಗೆ ಅವರ ಭುಜ ಗೊತ್ತಿಲ್ಲ, ಭುಜ ಗೊತ್ತಿದ್ದವರು ಕಾದಂಬರಿ ಓದಿಲ್ಲ. 1930ರಲ್ಲಿ 'ಮಸಲ್ ಕಲ್ಟ್', 1937ರಲ್ಲಿ ಸೂರ್ಯನಮಸ್ಕಾರದ ಮೇಲೊಂದು ಪುಸ್ತಕ, ಎರಡೂ ಇಂಗ್ಲಿಷಿನಲ್ಲಿ. ತಮ್ಮದೇ ಮೈಯ ಫೋಟೋ ಹಾಕಿಸಿ, ಆ ಮೈಯನ್ನ ತಾವೇ ಧಾರಾಳವಾಗಿ ಹೊಗಳಿಕೊಳ್ಳೋರು. ರೀಲ್ಸ್ ಹುಡುಗರು ಹೊಸದೇನೂ ಕಂಡುಹಿಡಿದಿಲ್ಲ. ಪಾಠ ತರಿಸಿಕೊಂಡವನಿಗೆ ಕರೆಂಟು ಬೇಡ, ಗೋಡೆಗೆ ತೂತು ಬೇಡ. ಎರಡು ಕೈ, ಎರಡು ಕಾಲು, ಒಂದು ಚಾಪೆ ಅಗಲದ ಜಾಗ ಇದ್ದರೆ ಸಾಕಿತ್ತು. ಮಾಡದೆ ಲಕೋಟೆಯನ್ನ ಅಟ್ಟಕ್ಕೆಸೆದವರೂ ಇದ್ದೇ ಇರ್ತಾರೆ, ಮನುಷ್ಯ ಜಾತಿ ಅಲ್ವಾ?

ತಮ್ಮನನ್ನ ಆಡ್ಕೊಳ್ಳೋರು ಅರಳಿಕಟ್ಟೇಲಿ ಬೇಕಾದಷ್ಟು ಜನ. ಎಲ್ಲರ ತಾತನೂ ಗುಂಡುಕಲ್ಲು ಎತ್ತಿದವನೇ. ಆ ಕಲ್ಲನ್ನ ಯಾರೂ ತೂಕಕ್ಕೆ ಹಾಕಿಲ್ಲ, ಆದರೂ ಪ್ರತಿ ವರ್ಷ ಊರ ಹಬ್ಬಕ್ಕೆ ಹತ್ತು ಕೆಜಿ ಜಾಸ್ತಿಯಾಗುತ್ತೆ. ಹೇಳೋರ ಕತೆ ಮಾತ್ರ ಬೇರೆ. ಬೀಸೋ ಕಲ್ಲು ಹೋಗಿ ಹಿಟ್ಟಿನ ಮಿಲ್ಲು ಬಂತು, ಒರಳು ಹೋಗಿ ಮಿಕ್ಸಿ ಬಂತು, ಮೇವು ಕತ್ತರಿಸೋಕೆ ಯಂತ್ರ, ದೊಡ್ಡಮ್ಮನಂಥವರನ್ನ ಬಿಟ್ಟರೆ ಹಾಲು ಕರೆಯೋಕೂ ಯಂತ್ರ. ಇನ್ನೂರು ಗಜ ದೂರದ ಅಂಗಡಿಗೆ ಬೈಕು. ತಾತನ ಮುದ್ದೆ ಸೈಜು ಮಾತ್ರ ಹಾಗೇ ಉಳೀತು. ಈಗ ಕಟ್ಟೆ ಮೇಲೆ ಕೂತ ಐದು ಜನರಲ್ಲಿ ಮೂರು ಜನರ ಜೇಬಲ್ಲಿ ಸಕ್ಕರೆ ಮಾತ್ರೆ. ವಾರಕ್ಕೆ ಎರಡು ದಿನವಾದರೂ ಮಾಂಸಖಂಡಕ್ಕೆ ಕೆಲಸ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರ ತನ್ನ ಸಲಹೆಯಲ್ಲಿ ಹೇಳಿರೋದು ಇವರಿಗೇ.

ಇನ್ನೊಂದು ಸಂಗತಿ ಕೇಳಿದರೆ ಕಟ್ಟೆ ಸ್ವಲ್ಪ ಹೊತ್ತು ಸುಮ್ಮನಾದೀತು. ನಮ್ಮ ದೇಶವೂ ಸೇರಿ 17 ದೇಶಗಳ ಸುಮಾರು 1 ಲಕ್ಷ 40 ಸಾವಿರ ಜನರ ಕೈಹಿಡಿತದ ಬಲ ಅಳೆದು, ಅವರನ್ನ ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2015ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಹಿಡಿತ 5 ಕೆಜಿ ಇಳಿದಂತೆಲ್ಲ ಸಾವಿನ ಸಂಭವ ಶೇಕಡಾ 16ರಷ್ಟು ಏರಿತ್ತು. ಯಾರು ಬೇಗ ಹೋಗ್ತಾರೆ ಅನ್ನೋದನ್ನ ಬಿಪಿಯ ಮೇಲಿನ ಅಂಕಿಗಿಂತ ಕೈಹಿಡಿತವೇ ಚೆನ್ನಾಗಿ ಹೇಳಿತ್ತು. ಇದನ್ನ ಓದಿದ ದಿನ ತಮ್ಮ ದೊಡ್ಡಮ್ಮನ ಕೈ ಕುಲುಕಿದ. ಬೆರಳು ಬಿಡಿಸ್ಕೊಳ್ಳೋಕೆ ಸ್ವಲ್ಪ ಕಷ್ಟಪಟ್ಟ. ಮಾರನೇ ದಿನದಿಂದ ಹಾಲು ಕರೆಯೋದು ಕಲೀತೀನಿ ಅಂತ ಕೊಟ್ಟಿಗೆಗೆ ಇಳಿದ, ಹಸು ಒಪ್ಪಲಿಲ್ಲ.

ನನ್ನನ್ನ ಕೇಳಿದರೆ, ಆ ಯಂತ್ರದಲ್ಲಿ ಮೋಟಾರು, ಹಗ್ಗ ಎಲ್ಲ ನೆಪ. ಅದು ಮಾರೋ ಅಸಲಿ ಮಾಲು ಅಂದರೆ 'ನೋಡೋರು'. ನೀವು ಇವತ್ತು ಮಾಡಿದಿರಾ, ಎಷ್ಟು ಮಾಡಿದಿರಿ, ನಿನ್ನೆ ಯಾಕೆ ತಪ್ಪಿಸಿದಿರಿ ಅಂತ ವಿಚಾರಿಸೋದಕ್ಕೆ ತಿಂಗಳು ತಿಂಗಳು ದುಡ್ಡು. ಒಂಟಿ ಫ್ಲ್ಯಾಟಿನಲ್ಲಿರೋರಿಗೆ ಅದು ಬೇಕೇನೋ. ಲಕ್ಕೂರಲ್ಲಿ ವಿಚಾರಿಸೋರಿಗೆ ಬರಗಾಲ ಬಂದಿದ್ದುಂಟಾ? ಎರಡು ದಿನ ಮಹಡಿಯಿಂದ ಉಸ್ ಉಸ್ ಅನ್ನೋ ಸದ್ದು ಕೇಳದಿದ್ದರೆ ಎದುರುಮನೆ ಅತ್ತಿಗೆ, 'ಏನ್ ಮೈದುನಾ, ಗೋಡೆ ಗೆದ್ದುಬಿಡ್ತಾ?' ಅಂತಾಳೆ. ಹಾಲಿನ ಡೈರಿ ಸೆಕ್ರೆಟರಿ ಹೊಟ್ಟೆ ನೋಡಿಯೇ ಎಷ್ಟು ಇಳಿದಿದೆ ಅಂತ ಹೇಳ್ತಾನೆ, ಹಾಲಿನ ಫ್ಯಾಟು ಹೇಳಿ ಹೇಳಿ ಅಭ್ಯಾಸ. ಎಲ್ಲ ಪುಕ್ಕಟೆ, ಬೈಗುಳ ಸಮೇತ.

ಮೊನ್ನೆ ರಾಗಿ ಮೂಟೆಗಳನ್ನ ಟ್ರ್ಯಾಕ್ಟರಿಗೆ ಹಾಕಬೇಕಿತ್ತು. ಇಷ್ಟು ದಿನ ಎಳೆದದ್ದಕ್ಕೆ ಪರೀಕ್ಷೆ ಅಂತ ಎಲ್ಲರೂ ಅವನ ಕಡೆ ನೋಡಿದರು. ಅವನು ಮಣಿಕಟ್ಟು ತಿರುಗಿಸಿ ನೋಡ್ಕೊಂಡು, 'ಇವತ್ತು ಆಗಲ್ಲ ಅಣ್ಣಾ, ರಾತ್ರಿ ನಿದ್ದೆ ಸರಿಯಾಗಿಲ್ಲ, ನಾಡಿಯ ಏರಿಳಿತ ನೋಡಿ ಬಾಡಿ ಇನ್ನೂ ಚೇತರಿಸ್ಕೊಂಡಿಲ್ಲ ಅಂತಿದೆ. ರೆಸ್ಟ್ ತಗೋ ಅಂತ ತೋರಿಸ್ತಾ ಇದೆ' ಅಂದ. ಆಳುಗಳು ನಕ್ಕರು. ದೊಡ್ಡಮ್ಮ ನಗಲಿಲ್ಲ. ಕೈ ಒರೆಸ್ಕೊಂಡು ಹತ್ತಿರ ಬಂದು ಬ್ಯಾಂಡನ್ನ ಮೊದಲ ಸಲ ಸರಿಯಾಗಿ ನೋಡಿದಳು.

'ರೆಸ್ಟ್ ತಗೋ ಅಂತ ಅದೇ ಹೇಳುತ್ತಾ? ಎಷ್ಟಪ್ಪಾ ಇದಕ್ಕೆ?'

ಅವನು ಬೆಲೆ ಹೇಳಿದ.

'ನಂಗೊಂದು, ಸೊಸೆಗೊಂದು ತರಿಸು. ಕನ್ನಡದಲ್ಲಿ ಜೋರಾಗಿ ಕೂಗಿ ಹೇಳೋದು ಸಿಗುತ್ತಾ ನೋಡು, ನಿಮ್ಮ ದೊಡ್ಡಪ್ಪಂಗೆ ಇಂಗ್ಲಿಷೂ ಬರಲ್ಲ, ಕಿವೀನೂ ಸರಿಯಾಗಿ ಕೇಳಲ್ಲ.'