ಭಾವನ ಮುಖಕೃಷಿ

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಯಾವ ಅಡಿಕೆ ತೋಟದ ಮನೆಗೆ ಹೋದರೂ ಅಲ್ಲೊಬ್ಬರು ಭಾವ ಇದ್ದೇ ಇರುತ್ತಾರೆ. ಪ್ರಾಯ ಐವತ್ತರ ಮೇಲೆ, ಹೆಗಲಲ್ಲಿ ಬೈರಾಸು, ಕಿಸೆಯಲ್ಲಿ ಬಾಲ್‌ಪೆನ್ನು. ಅಡಿಕೆಯೊಂದನ್ನೇ ನಂಬಿ ಕೂತರೆ ಆಗದು ಎಂದು ಕೊಕ್ಕೋ ಹಾಕಿದವರು ಇವರು. 2003ರ ಹೊತ್ತಿಗೆ ಹಸಿ ವೆನಿಲಾಕ್ಕೆ ಕಿಲೋಗೆ ಸಾವಿರಗಟ್ಟಲೆ ರೂಪಾಯಿ ಎಂದಾಗ ಬಳ್ಳಿಯ ಬುಡದಲ್ಲಿ ಟಾರ್ಚು ಹಿಡಿದು ರಾತ್ರಿ ಕಾವಲು ಕೂತವರೂ ಇವರೇ. ಕ್ರಯ ಪಾತಾಳಕ್ಕೆ ಇಳಿದ ಮೇಲೆ ಅದೇ ಬಳ್ಳಿಯನ್ನು ಎಳೆದು ಗೊಬ್ಬರದ ಗುಂಡಿಗೆ ಹಾಕಿದವರೂ ಇವರೇ. ಆಮೇಲೆ ರಂಬುಟಾನ್ ಬಂತು, ಡ್ರ್ಯಾಗನ್ ಫ್ರೂಟ್ ಬಂತು. ಹೊಸದೇನಾದರೂ ಒಂದು ಬೆಳೆಯುತ್ತಾ ಇರದಿದ್ದರೆ ಇವರಿಗೆ ಉಂಡದ್ದು ಮೈಗೆ ಹತ್ತುವುದಿಲ್ಲ.

ನನ್ನ ಭಾವ, ಅಂದರೆ ಅಕ್ಕನ ಯಜಮಾನರು, ಈಗ ಹಿಡಿದಿರುವ ಕೃಷಿಗೆ ಜಾಗ ಕಡಿಮೆ ಸಾಕು, ಹಂದಿ-ಮಂಗಗಳ ಕಾಟವಿಲ್ಲ, ಆಳು ಸಿಗದ ತಾಪತ್ರಯವೂ ಇಲ್ಲ. ತಮ್ಮ ಸ್ವಂತ ಮುಖಕ್ಕೇ ಕೈಹಾಕಿದ್ದಾರೆ.

ಇದಕ್ಕೆ ಬೀಜ ಬಿತ್ತಿದ್ದು ಮಂಗಳೂರಿನಲ್ಲಿ ಓದುವ ಮಗಳು. ರಜೆ ಮುಗಿಸಿ ಹೋಗುವಾಗ ಬಚ್ಚಲುಮನೆಯ ಗೂಡಿನಲ್ಲಿ ಒಂದು ಪುಟ್ಟ ಬಾಟಲಿ ಬಿಟ್ಟುಹೋದಳು. ಅದರ ಮೇಲೆ ನಯಾಸಿನಮೈಡ್, 10 ಶೇಕಡಾ ಎಂದು ಬರೆದಿತ್ತು. ಶೇಕಡಾ ಕಂಡರೆ ಕೃಷಿಕನಿಗೆ ಸುಮ್ಮನೆ ಕೂರಲಾಗುವುದಿಲ್ಲ. ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣವೇ 1 ಶೇಕಡಾ. “ಒಂದರಲ್ಲಿ ಕೊಳೆರೋಗ ನಿಲ್ಲುವುದಾದರೆ ಹತ್ತರಲ್ಲಿ ಈ ಕೆನ್ನೆಯ ಕಲೆ ಎಷ್ಟು ದಿನ ನಿಂತೀತು, ನೀನೇ ಹೇಳು” ಎಂದು ನನ್ನನ್ನೇ ಕೇಳಿದರು. ನಾನು ಹೇಳುವ ಮೊದಲೇ ಹಚ್ಚಿಯೂ ಆಗಿತ್ತು.

ಭಾವನ ಹತ್ತಿರ ಒಂದು ಉದ್ದದ ಲೆಕ್ಕದ ಪುಸ್ತಕ ಉಂಟು. ಎಡದ ಪುಟದಲ್ಲಿ ತೋಟ, ಬಲದ ಪುಟದಲ್ಲಿ ಈಗ ಮುಖ. ಒಂದು ದಿನ ಚಾ ಕುಡಿಯುತ್ತಾ ಕದ್ದು ಓದಿದೆ: “ಜೂನ್ 12. ಮಳೆ 84 ಮಿ.ಮೀ. ಎಡ ಕೆನ್ನೆ: ಬೆಳಿಗ್ಗೆ ಎರಡು ತೊಟ್ಟು. ಉರಿ ಸ್ವಲ್ಪ. ಮಧ್ಯಾಹ್ನ ಕೆಂಪು. ಬಲ ಕೆನ್ನೆ: ಕಂಟ್ರೋಲ್ ಪ್ಲಾಟ್, ಏನೂ ಹಾಕಿಲ್ಲ.” ಯಾವ ಔಷಧ ಬಂದರೂ ಎಡ ಕೆನ್ನೆಗೆ ಮಾತ್ರ, ಬಲ ಕೆನ್ನೆ ಹೋಲಿಸಿ ನೋಡಲಿಕ್ಕೆ. ಕೃಷಿ ವಿಜ್ಞಾನಿಗಳು ಕಲಿಸಿದ ಶಿಸ್ತನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದ ಇನ್ನೊಬ್ಬ ಕೃಷಿಕನನ್ನು ನಾನು ಕಂಡಿಲ್ಲ.

ಮುಖದ ಚರ್ಮದ ಪಿಎಚ್ ಸುಮಾರು 5.5, ಅಂದರೆ ಸಣ್ಣಕೆ ಹುಳಿ, ಎಂದು ಎಲ್ಲಿಯೋ ಓದಿದ ದಿನ ಭಾವ ಜಗಲಿಯಿಂದ ಅಂಗಳಕ್ಕೆ ಇಳಿದು ಬಂದು ಸಾರಿದರು, “ನಮ್ಮ ತೋಟದ ಮಣ್ಣೂ ಇದೇ ಅಲ್ಲವೋ!” ಮುರಕಲ್ಲಿನ ನಾಡಿನ ಮಣ್ಣು ಹುಳಿಯೇ, ತಪ್ಪೇನಿಲ್ಲ. ಮಣ್ಣಿಗಾದರೆ ಸುಣ್ಣ ಹಾಕಿ ಸರಿಮಾಡುತ್ತೇವೆ. ಮೈಗೆ ಹಾಕುವ ಸಾಬೂನಿನ ಪಿಎಚ್ 9ರಿಂದ 10, ಸುಣ್ಣದ ಕಡೆಯದ್ದು. ಮುಖಕ್ಕೆ ಮಾತ್ರ ಅದು ಆಗದು, ಚರ್ಮದ ಮೇಲಿನ ಪಸೆಯೆಲ್ಲ ಹೋಗಿ ಬಿಗಿಯುತ್ತದೆ. ಇಷ್ಟು ತಿಳಿದದ್ದೇ ಮನೆಯಲ್ಲಿ ಸಾಬೂನಿಗೆ ಬಹಿಷ್ಕಾರವಾಯಿತು. ಅಕ್ಕ ತನ್ನದನ್ನು ಅಕ್ಕಿ ಡಬ್ಬಿಯ ಹಿಂದೆ ಅಡಗಿಸಿಟ್ಟುಕೊಂಡಳು.

ಹೊಸ ಔಷಧವನ್ನು ನೇರವಾಗಿ ಮುಖಕ್ಕೆ ಹಚ್ಚದೆ ಮುಂಗೈಯ ಒಳಬದಿಯಲ್ಲಿ ಸ್ವಲ್ಪ ಹಚ್ಚಿ ಒಂದೆರಡು ದಿನ ನೋಡಬೇಕು ಎಂಬ ಬುದ್ಧಿವಾದವೊಂದುಂಟು. ಒಳ್ಳೆಯ ಬುದ್ಧಿವಾದವೇ. ಭಾವ ಏಕಕಾಲಕ್ಕೆ ಆರು ಔಷಧ ಹಚ್ಚಿ, ಸುತ್ತ ಬಾಲ್‌ಪೆನ್ನಿನಲ್ಲಿ ವೃತ್ತ ಎಳೆದು, 1ರಿಂದ 6ರ ತನಕ ನಂಬ್ರ ಹಾಕಿ ಸೀದಾ ನೀರ್ಚಾಲಿನ ಒಂದು ಜೆಂಬರಕ್ಕೆ ಹೋದರು. ಬಡಿಸುವ ಸುಧರಿಕೆಗೆ ನಿಂತವರು ತೋಳು ಮಡಚದೆ ಇದ್ದಾರೆಯೇ? ಮೇಲಾರದ ಪಾತ್ರೆ ಹಿಡಿದು ಪಂಕ್ತಿಯಲ್ಲಿ ಬರುವಾಗ ಎಲ್ಲರ ಕಣ್ಣೂ ಆ ಕೈಯ ಮೇಲೆ. ನನ್ನ ಪಕ್ಕದಲ್ಲಿ ಕೂತ ಹಿರಿಯರೊಬ್ಬರು, “ಪಾಪ, ಹುಳಕಡ್ಡಿ ಈ ಪ್ರಾಯದಲ್ಲಿ” ಎಂದು ಪಾಯಸಕ್ಕೆ ಕೈ ಅಡ್ಡ ಹಿಡಿದರು. ನಾಲ್ಕನೇ ನಂಬ್ರ ಅದಾಗಲೇ ದಪ್ಪವಾಗಿ ಬಾತಿತ್ತು.

ತೆಂಗಿನೆಣ್ಣೆಯದ್ದು ದೊಡ್ಡ ಆಘಾತ. ಕಾಸರಗೋಡಿನಲ್ಲಿ 1916ರಲ್ಲೇ ಮದ್ರಾಸ್ ಸರಕಾರ ತೆಂಗಿನ ಸಂಶೋಧನಾ ಕೇಂದ್ರ ತೆರೆದಿತ್ತು. ಇಂದು ಅದೇ ಸಿಪಿಸಿಆರ್‌ಐ. ನೂರು ವರ್ಷ ದಾಟಿದ ಆ ಪರಂಪರೆಯ ಗೌರವಾರ್ಥ ಭಾವ ತಾಜಾ ತೆಂಗಿನ ಹಾಲಿನಿಂದ ತೆಗೆದ ಶುದ್ಧ ಎಣ್ಣೆ ತಂದು ಎಡ ಕೆನ್ನೆಗೆ ದಿನಾ ರಾತ್ರಿ ತಿಕ್ಕಿದರು. ವಾರ ಕಳೆಯುವಷ್ಟರಲ್ಲಿ ಕಪ್ಪು ಚುಕ್ಕಿಗಳು ಎದ್ದವು, ಅವುಗಳ ನಡುವೆ ಎರಡು ಮೊಡವೆ. ಮೈಗೆ, ತಲೆಗೆ ಒಳ್ಳೆಯದೇ ಆದ ಈ ಎಣ್ಣೆ ಕೆಲವರ ಮುಖದ ರಂಧ್ರ ಮುಚ್ಚಿಬಿಡುತ್ತದೆ, ಅದರಲ್ಲೂ ಮೊದಲೇ ಜಿಡ್ಡಿನ ಚರ್ಮದವರದ್ದು. “ಕಾಸರಗೋಡಿನವನಿಗೆ ತೆಂಗಿನೆಣ್ಣೆ ಆಗದು ಎಂದಾದರೆ ರೇಷನ್ ಕಾರ್ಡು ವಾಪಸು ಕೊಟ್ಟು ಎಲ್ಲಿಗಾದರೂ ಹೋಗಬೇಕಷ್ಟೆ” ಎಂದು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಆಮೇಲೆ ಕೊರಿಯಾ ಬಂತು. ಬಸವನಹುಳುವಿನ ಲೋಳೆ, ಅಕ್ಕಿ ತೊಳೆದ ನೀರು, ಒಂದರ ಮೇಲೊಂದು ಏಳೆಂಟು ಪದರ. ಗಾಜಿನಂಥ ಚರ್ಮ ಬೇಕಂತೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಆಟಿ ತಿಂಗಳಿಗೆ ಗೋಡೆಯೂ ಬೆವರುತ್ತದೆ, ಹಪ್ಪಳ ಡಬ್ಬಿಯೊಳಗೇ ಮೆತ್ತಗಾಗುತ್ತದೆ. ಅಲ್ಲಿಯ ಒಣ ಚಳಿಗೆಂದು ಮಾಡಿದ ಲೇಪ ಇಲ್ಲಿಯ ಗಾಳಿಗೆ ಒಣಗುವ ಮಾತೇ ಇಲ್ಲ. ಬೆಳಿಗ್ಗೆ ಹಚ್ಚಿದ ಎಂಟೂ ಪದರ ಮಧ್ಯಾಹ್ನದ ಊಟದ ಹೊತ್ತಿಗೆ ಭಾವನ ಕೊರಳಪಟ್ಟಿಯಲ್ಲಿ ಒಟ್ಟು ಸೇರುತ್ತಿದ್ದವು. ಕುಂಕುಮಾದಿ, ನಾಲ್ಪಾಮರಾದಿ ತೈಲಗಳ ಕಥೆಯನ್ನು ಹೇಳಹೊರಟರೆ ಪತ್ರಿಕೆಯ ಪುಟ ಸಾಲದು. ಅವೂ ಎಡ ಕೆನ್ನೆಯ ಮೂಲಕವೇ ಹಾದುಹೋದವು ಎಂದರೆ ಸಾಕು.

ಸನ್‌ಸ್ಕ್ರೀನಿಗೆ ಮಾತ್ರ ಕಂಟ್ರೋಲ್ ಪ್ಲಾಟಿಲ್ಲ, ಬಿಸಿಲು ಎರಡೂ ಕೆನ್ನೆಗೆ ಬೀಳುತ್ತದಲ್ಲ. ಎಸ್‌ಪಿಎಫ್ 30 ಇದ್ದದ್ದು ಮುಖ ಸುಡುವ ಕಿರಣಗಳಲ್ಲಿ ನೂರಕ್ಕೆ 97 ಪಾಲು ತಡೆಯುತ್ತದೆ, 50 ಇದ್ದದ್ದು 98. “ಇಪ್ಪತ್ತು ಅಂಕ ಹೆಚ್ಚು, ಸಿಗುವುದು ಒಂದೇ ಪಾಲು. ಇದು ಥೇಟ್ ಗೊಬ್ಬರದ ಕಂಪೆನಿಯವರ ಲೆಕ್ಕ” ಎಂದು ಭಾವ 30ರದ್ದನ್ನೇ ತಂದರು. ಎರಡು ಬೆರಳುದ್ದ ಹಿಂಡಿ ಮುಖ ಕತ್ತಿಗೆ ಹಚ್ಚಬೇಕು, ಬಿಸಿಲಲ್ಲಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಹಾಗೆ ಹಚ್ಚಿದರೆ ಒಂದು ಕಿಲೋ ಚಾಲಿ ಅಡಿಕೆಯ ಕ್ರಯದ ಟ್ಯೂಬು ವಾರ ಎರಡು ಬರುವುದಿಲ್ಲ. ಮೇಲಾಗಿ ಅವರು ತಂದದ್ದು ಸತುವಿನ ಭಸ್ಮದ್ದು; ನಮ್ಮ ಬಣ್ಣದ ಮುಖದ ಮೇಲೆ ಬೆಳ್ಳಗೆ ಕೂತುಕೊಳ್ಳುತ್ತದೆ. ತೋಟಕ್ಕೆ ಇಳಿದಾಗ ಅಡಿಕೆ ಕೊಯ್ಯುತ್ತಿದ್ದವ ಮರದ ತುದಿಯಿಂದಲೇ ಕೇಳಿದ, “ಅಣ್ಣೇರ್, ಇವತ್ತು ಆಟ ಎಲ್ಲಿ?”

ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. ಯಕ್ಷಗಾನದ ವೇಷಕ್ಕೆ ಹಚ್ಚುವ ಬಿಳಿ ಸಫೇದವೂ ಇದೇ ಸತುವಿನದ್ದು. ಭಾವನ ತಲೆಯಲ್ಲಿ ಅಲ್ಲಿಗೆ ಹೊಸ ದೀಪ ಹೊತ್ತಿತು. ಯಕ್ಷಗಾನ ಕವಿ ಪಾರ್ತಿಸುಬ್ಬನ ಈ ಕುಂಬಳೆ ಸೀಮೆಯಲ್ಲಿ, ತಿರುಗಾಟ ಶುರುವಾದಲ್ಲಿಂದ ಪತ್ತನಾಜೆಯ ತನಕ ದಿನಾ ಮುಖಕ್ಕೆ ಬಣ್ಣ ಬಳಿಯುವವರಿದ್ದಾರೆ. ಅಕ್ಕಿಹಿಟ್ಟು, ಸುಣ್ಣದಲ್ಲಿ ಚಿಟ್ಟಿ ಇಟ್ಟು ಗಂಟೆಗಟ್ಟಲೆ ಕೂರುವ ಬಣ್ಣದ ವೇಷದವರಿದ್ದಾರೆ. ಚರ್ಮದ ಗುಟ್ಟು ಅವರಲ್ಲದೆ ಇನ್ನಾರಿಗೆ ಗೊತ್ತು? ಆಟ ಮುಗಿದು ಬೆಳಕು ಹರಿಯುವ ಹೊತ್ತಿಗೆ ಭಾವ ಪುಸ್ತಕ ಹಿಡಿದು ಚೌಕಿಗೆ ಹೋದರು, ನನ್ನನ್ನೂ ಎಳೆದುಕೊಂಡು. ರಾವಣನಾಗಿ ಅಬ್ಬರಿಸಿ ಬಂದ ಕಲಾವಿದರು ಪೆಟ್ಟಿಗೆಯ ಎದುರು ಕೂತು ಅಂಗೈಗೆ ತೆಂಗಿನೆಣ್ಣೆ ಸುರಿದುಕೊಂಡು ಮುಖ ತಿಕ್ಕುತ್ತಿದ್ದರು. ಕೆಂಪು, ಕಪ್ಪು, ಬಿಳಿ ಒಂದರೊಳಗೊಂದು ಕಲಸಿ ಗಲ್ಲದಿಂದ ಇಳಿಯುತ್ತಿತ್ತು.

“ಎಣ್ಣೆಯಲ್ಲಿ ತೆಗೆದು ಆಮೇಲೆ?”

“ಆಮೇಲೆಂತ, ಬಟ್ಟೆಯಲ್ಲಿ ಒರೆಸಿ ಸಾಬೂನು ಹಾಕಿ ತೊಳೆಯುವುದು.”

“ಡಬಲ್ ಕ್ಲೆನ್ಸಿಂಗ್!” ಭಾವ ನನ್ನ ಭುಜ ಹಿಚುಕಿದರು. “ಕೊರಿಯಾದವರು ಹೇಳುವುದು ಇದನ್ನೇ ಮಾರಾಯ! ನಿಮ್ಮ ಮುಖ ಇಷ್ಟು ನುಣುಪಾಗಿರಲು ಬೇರೆಂತ ಹಾಕುತ್ತೀರಿ?”

“ಎಂತದೂ ಇಲ್ಲ. ರಾತ್ರಿ ಆಟ, ಹಗಲು ನಿದ್ದೆ. ಬಿಸಿಲು ಕಂಡರಲ್ಲವೋ ಮುಖ ಹಾಳಾಗುವುದು” ಎಂದವರು ಎಣ್ಣೆಗಣ್ಣು ತೆರೆದು, “ಅದಿರಲಿ, ಚಾಲಿಗೆ ಈಗ ಎಷ್ಟುಂಟು?” ಎಂದು ಕೇಳಿದರು.

ಭಾವನನ್ನು ಮೆಚ್ಚಬೇಕಾದ ಒಂದು ಜಾಗವೂ ಉಂಟು. ಗಲ್ಫಿನಿಂದ ಬಂದ ಪರಿಚಯದವರೊಬ್ಬರು ಮೂರು ದಿನದಲ್ಲಿ ಬೆಳ್ಳಗಾಗುವ ಕ್ರೀಮೆಂದು ಪುಟ್ಟ ಡಬ್ಬಿ ಕೊಟ್ಟರು. ತಯಾರಕರ ಹೆಸರಿಲ್ಲ, ಒಳಗೇನಿದೆ ಎಂದೂ ಇಲ್ಲ. “ಲೇಬಲ್ ಇಲ್ಲದ ಗೊಬ್ಬರವನ್ನು ನಾನು ತೊಂಡೆ ಬಳ್ಳಿಗೂ ಹಾಕುವುದಿಲ್ಲ” ಎಂದು ಭಾವ ಅಲ್ಲೇ ವಾಪಸು ಕೊಟ್ಟರು. ಸರಿಯಾಗಿಯೇ ಮಾಡಿದರು. ನಮ್ಮದೇ ರಾಜ್ಯದ ಮಲಪ್ಪುರಂ ಜಿಲ್ಲೆಯಲ್ಲಿ ಮೂತ್ರಪಿಂಡದ ಕಾಯಿಲೆ ಹಿಡಿದು ಬಂದ ಹಲವರು ಇಂಥ ಕ್ರೀಮು ಹಚ್ಚುತ್ತಿದ್ದವರೆಂದು ಕೋಟ್ಟಕ್ಕಲ್‌ನ ವೈದ್ಯರು 2023ರಲ್ಲಿ ಗುರುತಿಸಿದ್ದರು. ಕಾರಣ ಅದರೊಳಗಿನ ಪಾದರಸ. ಅದೇ ವರ್ಷ ಕೇರಳದ ಔಷಧ ನಿಯಂತ್ರಣ ಇಲಾಖೆ ‘ಆಪರೇಷನ್ ಸೌಂದರ್ಯ’ ಎಂಬ ಹೆಸರಿನಲ್ಲಿ ಅಂಗಡಿ ಅಂಗಡಿ ತಪಾಸಣೆಗೆ ಇಳಿಯಿತು. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದು ತಿಂಗಳುಗಟ್ಟಲೆ ಹಚ್ಚುವ ಸ್ಟೀರಾಯ್ಡ್ ಮುಲಾಮೂ ಹೀಗೆಯೇ: ಮೊದಲು ಹೊಳಪು, ಆಮೇಲೆ ತೆಳ್ಳಗಾದ, ಕೆಂಪೆದ್ದ ಚರ್ಮ. ಇಲ್ಲಿ ನಗುವಂಥದ್ದೇನೂ ಇಲ್ಲ.

ಕೊನೆಗೆ ಎಡ ಕೆನ್ನೆ ಸಿಪ್ಪೆ ಏಳತೊಡಗಿದಾಗ ಅಕ್ಕ ಒತ್ತಾಯ ಮಾಡಿ ಮಂಗಳೂರಿನ ಚರ್ಮದ ಡಾಕ್ಟರಲ್ಲಿಗೆ ಕರೆದುಕೊಂಡು ಹೋದಳು. ಏನೇನು ಹಚ್ಚುತ್ತೀರಿ ಎಂದು ಕೇಳಿದ್ದಕ್ಕೆ ಭಾವ ಪುಸ್ತಕವನ್ನೇ ಮುಂದಿಟ್ಟರು. ಡಾಕ್ಟರು ಪುಟ ತಿರುವಿ ತಿರುವಿ, “ಮಳೆ ಲೆಕ್ಕ ಚೆನ್ನಾಗಿ ಬರೆದಿದ್ದೀರಿ” ಎಂದರು. ಗಲ್ಲ ಹಿಡಿದು ಮುಖವನ್ನು ಅತ್ತಿತ್ತ ಹೊರಳಿಸಿ ನೋಡಿದರು.

“ಬಲಗಡೆಗೆ ಏನು ಹಾಕುತ್ತೀರಿ?”

“ಬಿಸಿಲಿಗೆ ಹಚ್ಚುವುದೊಂದು ಬಿಟ್ಟರೆ ಏನೂ ಇಲ್ಲ ಡಾಕ್ಟ್ರೇ. ಅದು ಕಂಟ್ರೋಲ್.”

“ಎಡಗಡೆಗೂ ಅದನ್ನೇ ಮಾಡಿ.”

ಚೀಟಿಯಲ್ಲಿ ಬರೆದದ್ದು ಮೂರೇ ಮೂರು: ಸೌಮ್ಯವಾದ ಮುಖ ತೊಳೆಯುವ ದ್ರವ, ಜಿಡ್ಡಿಲ್ಲದ ತೆಳು ಮಾಯಿಶ್ಚರೈಸರ್, ಸನ್‌ಸ್ಕ್ರೀನ್. ಬೇರೇನಾದರೂ ಬೇಕೆನಿಸಿದರೆ ಒಂದು ಸಲಕ್ಕೆ ಒಂದೇ, ನಾಲ್ಕು ವಾರವಾದರೂ ನೋಡಿದ ಮೇಲೆ. ಚರ್ಮದ ಮೇಲ್ಪದರ ಹೊಸತಾಗಲು ಅಷ್ಟು ಸಮಯ ಬೇಕು. ಬಸ್ಸಿನಲ್ಲಿ ತಲಪಾಡಿ ದಾಟುವ ತನಕ ಭಾವ ಮಾತಾಡಲಿಲ್ಲ. ಆಮೇಲೆ, “ನಾಲ್ಕು ವಾರ ಒಂದೇ ಔಷಧವಾ? ಫೀಸು ತೆಗೆದುಕೊಂಡು ಸಿರಮ್ ಒಂದೂ ಬರೆಯದ ಡಾಕ್ಟರು ಎಂಥ ಡಾಕ್ಟರು?” ಎಂದರು.

“ಅಡಿಕೆ ಗಿಡ ನೆಟ್ಟು ಸಿಂಗಾರ ಬಿಡಲಿಕ್ಕೆ ಐದು ವರ್ಷ ಕಾಯುತ್ತೀರಿ. ಮುಖಕ್ಕೆ ಐದು ದಿನವೂ ಕೊಡುವುದಿಲ್ಲ” ಎಂದಳು ಅಕ್ಕ, ಕಿಟಕಿಯ ಹೊರಗೆ ನೋಡುತ್ತಾ. ಭಾವ ಕಿಸೆಯಿಂದ ಪೆನ್ನು ತೆಗೆದವರು ಮತ್ತೆ ಒಳಗಿಟ್ಟರು.

ಭಾವ ಹೊರಡುವಾಗ ಡಾಕ್ಟರು ಇನ್ನೊಂದು ಮಾತು ಹೇಳಿದ್ದರು, ಬಿಸಿಲಿಗೆ ಟೊಪ್ಪಿ ಹಾಕಿ ಎಂದು. ಅಡಿಕೆ ಹಾಳೆಯ ಮುಟ್ಟಾಳೆ ಮನೆಯ ಹಿಂದಿನ ಗೂಟದಲ್ಲೇ ನೇತಾಡುತ್ತಿತ್ತು. ಭಾವ ಈಗ ಅದನ್ನು ಇಟ್ಟುಕೊಂಡೇ ತೋಟಕ್ಕೆ ಇಳಿಯುತ್ತಾರೆ. ಆದರೆ ಅದು ನೆತ್ತಿ ಮುಚ್ಚುತ್ತದೆ, ಕೆನ್ನೆಗೆ ನೆರಳು ಸಾಲದು. ಅಂಚು ಅಗಲವಾದ ಮುಟ್ಟಾಳೆ ಕಟ್ಟುವ ಪ್ರಯತ್ನ ಸದ್ಯ ನಡೆದಿದೆ, ಅದಕ್ಕೆ ಪುಸ್ತಕದಲ್ಲಿ ಬೇರೆ ಪುಟವೂ ಆಗಿದೆ. ಒಳ್ಳೆಯ ಅಗಲದ ಹಾಳೆ ಬೀಳುವ ಮರ ನಿಮ್ಮ ತೋಟದಲ್ಲಿದ್ದರೆ ತಿಳಿಸಿ, ಭಾವ ಖುದ್ದಾಗಿ ಬರುತ್ತಾರೆ. ಬಂದಾಗ ಚಾ ಕೊಡಿ, ಅಡಿಕೆಯ ಕ್ರಯ ಮಾತಾಡಿ. ನಿಮ್ಮ ಮುಖದ ಕಲೆಯ ಸುದ್ದಿ ಮಾತ್ರ ಎತ್ತಬೇಡಿ.