ಮುಳುಗೋಕೂ ನೀರು ಬೇಕಲ್ಲ ಸ್ವಾಮಿ!

ಬೆಳಗಿನ ಜಾವ ಸ್ಕಂದಗಿರಿಯ ನೆತ್ತಿಯ ಮೇಲೆ ನಿಂತರೆ ಚಿಕ್ಕಬಳ್ಳಾಪುರ ಜಿಲ್ಲೆಗೆ ಸಮುದ್ರ ಬಂದಿರುತ್ತದೆ. ಕಣ್ಣು ಹರಿಯುವಷ್ಟು ದೂರ ಬಿಳಿ ಮೋಡ, ನಡುವೆ ನಡುಗಡ್ಡೆಗಳ ಹಾಗೆ ಗುಡ್ಡದ ತುದಿಗಳು. ಟಿಪ್ಪು ಕಾಲದ್ದೆನ್ನುವ ಪಾಳು ಕೋಟೆಗೆ ಒರಗಿಕೊಂಡು ಬೆಂಗಳೂರಿನ ಹುಡುಗರು ಅದನ್ನು ಮೊಬೈಲಿನಲ್ಲಿ ಹಿಡಿಯುತ್ತಾರೆ. ಎಂಟು ಗಂಟೆಗೆ ಬಿಸಿಲೇರಿತೋ, ಸಮುದ್ರ ಇಂಗಿತು. ಕೆಳಗೆ ಉಳಿಯುವುದು ದ್ರಾಕ್ಷಿ ಚಪ್ಪರ, ಜಾಲಿ ಬೆಳೆದ ಕೆರೆ ಅಂಗಳ, ಎಲ್ಲೋ ಒಂದು ಕಡೆ ಬೋರ್‌ವೆಲ್ ಲಾರಿ ಎಬ್ಬಿಸಿದ ಧೂಳು. ಬೆಟ್ಟದ ಬುಡದಲ್ಲಿ ಪಾಪಾಗ್ನಿ ಮಠವಿದೆ. ಮಠ ತಕ್ಷಣ ಸಿಗುತ್ತದೆ, ಆ ಹೆಸರಿನ ನದಿಯನ್ನು ಹುಡುಕಬೇಕು.

ಈ ಸಲ ಆ ಮೋಡ ನೋಡುತ್ತ ನನಗೆ ಸ್ಟಾಕ್‌ಹೋಮ್ ನೆನಪಾಯಿತು. ಮಗಳ ಮನೆಗೆಂದು ಹೋದವನನ್ನು ಅಳಿಯಂದಿರು ‘ವಾಸಾ’ ಮ್ಯೂಸಿಯಂಗೆ ಕರೆದೊಯ್ದಿದ್ದರು. ಅದು ಮುಳುಗಿದ ಹಡಗೊಂದಕ್ಕಾಗಿಯೇ ಕಟ್ಟಿದ ಮನೆ. 64 ಫಿರಂಗಿ ಹೊತ್ತ ಆ ಭರ್ಜರಿ ಹಡಗು 1628ರ ಆಗಸ್ಟ್ 10ರಂದು ಮೊದಲ ಸಲ ಹೊರಟು, ಸುಮಾರು 1,300 ಮೀಟರ್ ಸಾಗಿ, ಒಂದು ಗಾಳಿಗೆ ವಾಲಿ, ಬಂದರಿನ ಬಾಯಲ್ಲೇ ಮುಳುಗಿತು. ಮೇಲೆ ಭಾರ ಜಾಸ್ತಿ, ತಳದಲ್ಲಿ ತೂಕ ಸಾಲದು. ಹೊರಡುವ ಮುಂಚೆ ಪರೀಕ್ಷೆಯೂ ಆಗಿತ್ತು. ಮೂವತ್ತು ಜನರನ್ನು ಅಟ್ಟದ ಮೇಲೆ ಅತ್ತಿಂದಿತ್ತ ಓಡಿಸಿದರು. ಮೂರನೆಯ ಓಟಕ್ಕೇ ಹಡಗು ಮಗುಚುವಂತಾದಾಗ ನೌಕಾಪಡೆಯ ಸಾಹೇಬರು ಓಟವನ್ನು ನಿಲ್ಲಿಸಿದರು. ಹಡಗನ್ನು ನಿಲ್ಲಿಸಲಿಲ್ಲ, ರಾಜರು ಅವಸರದಲ್ಲಿದ್ದರು.

ಆಮೇಲೆ ವಿಚಾರಣೆ. ತಪ್ಪು ಯಾರದು ಎಂದದ್ದಕ್ಕೆ, ಕಟ್ಟಿಸಿದ ಗುತ್ತಿಗೆದಾರರ ಕಡೆಯವನು ದೇವರಿಗೇ ಗೊತ್ತು ಎಂದನಂತೆ. ಯಾರಿಗೂ ಶಿಕ್ಷೆಯಾಗಲಿಲ್ಲ. ಇದನ್ನು ಓದಿದಾಗ ಪರದೇಶದಲ್ಲಿದ್ದೇನೆ ಅನ್ನುವುದೇ ಮರೆತುಹೋಯಿತು. ಹಡಗಿನಲ್ಲಿ ಬಡಗಿಗಳ ಅಳತೆಪಟ್ಟಿಗಳೂ ಸಿಕ್ಕಿವೆ. ಕೆಲವದರಲ್ಲಿ ಅಡಿಗೆ 12 ಅಂಗುಲ, ಕೆಲವದರಲ್ಲಿ 11. ಎಡಕ್ಕೆ ಒಬ್ಬರ ಅಡಿ, ಬಲಕ್ಕೆ ಇನ್ನೊಬ್ಬರ ಅಡಿ!

ನಾವು ನಗುವ ಹಾಗಿಲ್ಲ. ಎತ್ತಿನಹೊಳೆ ಯೋಜನೆಯಿಂದ ನಮಗೆಲ್ಲ ಕೊಡುತ್ತೇವೆಂದು ಸರ್ಕಾರ ಲೆಕ್ಕ ಹಾಕಿದ ನೀರು 24.01 ಟಿಎಂಸಿ. ಆ ಕಣಿವೆಯಲ್ಲಿ ಸಿಗುವುದೇ ಒಂಬತ್ತೂವರೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನ ಹೇಳಿತು. ಸರ್ಕಾರದ ಟಿಎಂಸಿಗೆ ಎಷ್ಟು ಅಂಗುಲವೋ ಕೇಳಿದವರಿಲ್ಲ. 2014ರಲ್ಲಿ ಇದೇ ಚಿಕ್ಕಬಳ್ಳಾಪುರದಲ್ಲಿ ಅಡಿಗಲ್ಲು ಬಿತ್ತು. 8,323 ಕೋಟಿಯಿಂದ ಶುರುವಾದ ಅಂದಾಜು 12,912 ಆಯಿತು, ಆಮೇಲೆ 23,251 ದಾಟಿತು. ಮೇಲೆ ಭಾರ ಏರಿಸುವುದರಲ್ಲಿ ಸ್ವೀಡನ್ನಿನ ರಾಜರು ನಮ್ಮ ಮುಂದೆ ಕೂಸು. 2024ರ ಗೌರಿ ಹಬ್ಬದ ದಿನ ಸಕಲೇಶಪುರದ ಕಡೆ ಪಂಪು ತಿರುಗಿಸಿ ಗಂಗೆಗೆ ಬಾಗಿನ ಬಿಟ್ಟರು. ನೀರು ಇತ್ತ ಬರುತ್ತಿದೆ, ಬರುತ್ತಲೇ ಇದೆ. ವಾಸಾ ಮುಳುಗಿದ್ದು ಎಲ್ಲರ ಕಣ್ಣಿಗೂ ಬಿತ್ತು, ಅದಕ್ಕೇ ಮ್ಯೂಸಿಯಂ ಸೇರಿತು. ನಮ್ಮಲ್ಲಿ ಯಾವುದೂ ಮುಳುಗುವುದಿಲ್ಲ, ‘ಕಾಮಗಾರಿ ಪ್ರಗತಿಯಲ್ಲಿದೆ.’

ಆದರೂ ಸ್ಕಂದಗಿರಿಯ ಬುಡದಲ್ಲಿ ಒಂದು ಮ್ಯೂಸಿಯಂ ಆಗಲೇಬೇಕು ಅನ್ನುವುದು ನನ್ನ ಬೇಡಿಕೆ. ವಾಸಾ ಬಿದ್ದಿದ್ದ ಆಳ ಬರೀ ನೂರು ಚಿಲ್ಲರೆ ಅಡಿ. 333 ವರ್ಷ ಬಿಟ್ಟು, 1961ರಲ್ಲಿ ಎತ್ತಿದರು. ತೆಂಗಿನಕಾಯಿ ಅಂಗೈಯಲ್ಲಿಟ್ಟುಕೊಂಡು ಪಾಯಿಂಟ್ ನೋಡುವವನು ತೋರಿಸಿದ ಜಾಗದಲ್ಲಿ ನನ್ನ ಎರಡು ಎಕರೆ 1,400 ಅಡಿ ಆಳಕ್ಕೆ ಮುಳುಗಿದೆ. ಅದನ್ನು ಎತ್ತುವವರು ಯಾರು? ಶಿಡ್ಲಘಟ್ಟ, ಚಿಂತಾಮಣಿಯ ಕಡೆ ಹೆಂಡತಿಯ ಸರ, ಮಗಳ ಮದುವೆಯ ದುಡ್ಡು, ಸೊಸೈಟಿ ಸಾಲ ಎಲ್ಲ ಆರಂಗುಲದ ತೂತಿನಲ್ಲೇ ಇಳಿದುಹೋಗಿವೆ. ಗಾಜಿನ ಪೆಟ್ಟಿಗೆಯಲ್ಲಿಡಲು ಏನೂ ಮೇಲೆ ಬರಲಿಲ್ಲ, ಧೂಳೊಂದನ್ನು ಬಿಟ್ಟು.

ಹಾಗಂತ ಮುಳುಗಿಸುವ ವಿದ್ಯೆ ನಮ್ಮವರಿಗೆ ಗೊತ್ತಿರಲಿಲ್ಲ ಅಂತಲ್ಲ. ಪಕ್ಕದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ವಿಶಾಖಪಟ್ಟಣದ ಬಂದರನ್ನು ಅಲೆಗಳಿಂದ ಕಾಯಲು ಹಳೆಯ ಹಡಗುಗಳಿಗೆ ಕಲ್ಲು ತುಂಬಿ ಬೇಕೆಂದೇ ಮುಳುಗಿಸಲು ಹೇಳಿದರು ಎಂಬ ಕಥೆ ಈ ಕಡೆ ಓಡಾಡುತ್ತದೆ. ಮುಳುಗಿಸಿದರೂ ಉಪಯೋಗಕ್ಕೆ ಬರಬೇಕು ಅನ್ನುವ ಕಾಲದ ಇಂಜಿನಿಯರ್ ಅವರು.

ಪೂರಾ ನೀರೇ ಬಂದಿಲ್ಲ ಅಂದರೆ ಬಾಯಲ್ಲಿ ಹುಳ ಬಿದ್ದೀತು. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ 65 ಕೆರೆಗೆ ಹರಿಸುವ ಯೋಜನೆ ಇದೆ. ನಮ್ಮ ಕಂದವಾರ ಕೆರೆಗೂ ಆ ನೀರು ಬಂದಿದೆ. ಮೂರನೆಯ ಹಂತವೂ ಮಾಡಿ ಎಂದು ಇಲ್ಲಿನವರು ಗಂಟಲು ಹರಿದುಕೊಂಡರು. ಲೆಕ್ಕ ಸರಿಯಾಗಿದೆ ನೋಡಿ: ಬೆಂಗಳೂರಿನವರು ಬಂದು ನಮ್ಮ ಮೋಡ ನೋಡುತ್ತಾರೆ, ಮನೆಗೆ ಹೋಗಿ ಸ್ನಾನ ಮಾಡುತ್ತಾರೆ, ನೀರು ನಮಗೆ ಕಳಿಸುತ್ತಾರೆ.

ಬೆಟ್ಟ ಇಳಿದು ಟೀ ಅಂಗಡಿಯವನ ಮುಂದೆ ಮ್ಯೂಸಿಯಂ ಮಾತೆತ್ತಿದೆ. “ಹಡಗಾ? ಮುಳುಗಕ್ಕೂ ನೀರು ಬೇಕಲ್ಲ ಸಾರ್” ಎಂದ. ಅಷ್ಟರಲ್ಲಿ ಚಾರಣದ ಹುಡುಗನೊಬ್ಬ ಒಂದು ಲೀಟರ್ ಬಾಟಲಿ ಬಗ್ಗಿಸಿ ಶೂಗೆ ಮೆತ್ತಿದ ಕೆಸರು ತೊಳೆಯತೊಡಗಿದ. ಕುಡಿಯುವ ನೀರಲ್ಲಿ ಹಾಗೆಲ್ಲ ಮಾಡಬಾರದಪ್ಪ ಎಂದು ನಾನು ಬಾಯಿ ತೆಗೆಯುವ ಮೊದಲೇ ಅಂಗಡಿಯವನು ನನ್ನ ತೋಳು ಹಿಡಿದ.

“ಸುಮ್ಕಿರಿ ಸಾರ್. ಇದೊಂದು ನೀರಾದ್ರೂ ಹೆಬ್ಬಾಳಕ್ಕೆ ಹೋಗ್ದೆ ನೆಟ್ಟಗೆ ನಮ್ಮೂರಿಗೆ ಬೀಳ್ತಾ ಐತೆ.”