ಮನೆಯವರಿಗೆ ಪ್ರವೇಶವಿಲ್ಲ

ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ನಂಬಿ ಒಂದು ಕಂಪ್ಯೂಟರಿನಿಂದ ಇನ್ನೊಂದನ್ನು ಹಿಡಿಯಲು ಹೋಗಿ ಸೋತವರಿಗೆಲ್ಲ ಆ ಪೆಟ್ಟಿಗೆಯ ಪರಿಚಯ ಉಂಟು. ಸಂಪರ್ಕ ಆಗಲಿಲ್ಲ, ಕಾರಣ ಈ ಮೂರರಲ್ಲಿ ಒಂದು ಎನ್ನುತ್ತದೆ ಅದು. ಆ ಕಡೆಯ ಯಂತ್ರದಲ್ಲಿ ದೂರದಿಂದ ಬರುವವರಿಗೆ ಅನುಮತಿ ಇಲ್ಲ, ಅಥವಾ ಅದು ಆಫ್ ಆಗಿದೆ, ಅಥವಾ ನೆಟ್‌ವರ್ಕಿನಲ್ಲೇ ಇಲ್ಲ. ತಾಲ್ಲೂಕು ಕಚೇರಿಯ ಜವಾನ ಸಾಹೇಬರ ಬಗ್ಗೆ ಹೇಳುವುದೂ ಇಷ್ಟನ್ನೇ: ಯಾರನ್ನೂ ನೋಡಲ್ಲ, ಮಲಗಿದ್ದಾರೆ, ಊರಲ್ಲಿಲ್ಲ. ಆದರೆ ಮೂರರಲ್ಲಿ ನಿಜ ಯಾವುದೆಂದು ಜವಾನನಿಗೆ ಗೊತ್ತಿರುತ್ತದೆ; ಕಾಫಿಗೆ ಕಾಸು ಕೊಟ್ಟರೆ ಹೇಳುತ್ತಾನೆ.

ಮೈಸೂರಿನ ಕುವೆಂಪುನಗರದಲ್ಲಿ ನಿವೃತ್ತ ಲೆಕ್ಕಾಧಿಕಾರಿ ರಾಯರೊಬ್ಬರಿದ್ದಾರೆ ಎಂದಿಟ್ಟುಕೊಳ್ಳಿ; ಇದ್ದೇ ಇರುತ್ತಾರೆ. ಕೆಳಗೆ ಹಾಲಿನಲ್ಲಿ ಡೆಸ್ಕ್‌ಟಾಪ್, ಮಹಡಿಯ ಕೋಣೆಯಲ್ಲಿ ಮಗ ಅಮೆರಿಕಕ್ಕೆ ಹೋಗುವಾಗ ಬಿಟ್ಟುಹೋದ ಲ್ಯಾಪ್‌ಟಾಪ್. ವಂಶವೃಕ್ಷ, ಬಡಾವಣೆ ಸಂಘದ ನಡಾವಳಿ, ಪಕ್ಕದ ಮನೆಯವರ ತೆಂಗಿನಮರದ ಮೇಲೆ ಪಾಲಿಕೆಗೆ ಬರೆದ ದೂರು, ಎಲ್ಲ ಕೆಳಗಿನದರಲ್ಲಿವೆ, ಅದೂ ಹಳೇ ನುಡಿ ಫಾಂಟಿನಲ್ಲಿ. ಫಾಂಟಿಲ್ಲದ ಲ್ಯಾಪ್‌ಟಾಪಿನಲ್ಲಿ ಆ ಕಡತ ತೆರೆದರೆ ತಾತ ಮುತ್ತಾತಂದಿರೆಲ್ಲ ಕೊಂಬು ಬಾಲದ ಇಂಗ್ಲಿಷ್ ಅಕ್ಷರಗಳಾಗಿ ಕೂತಿರುತ್ತಾರೆ. ಹೀಗಾಗಿ ಕೆಳಗಿನ ಯಂತ್ರವನ್ನೇ ಮೇಲಿನಿಂದ ನಡೆಸುವುದೆಂದು ರಾಯರ ತೀರ್ಮಾನ. "ನಾಲ್ಕು ಮೆಟ್ಟಿಲಿಳಿದು ಬಂದ್ರೆ ಆಗಲ್ವೇನ್ರೀ?" ಎಂದು ಮನೆಯವರು ಕೇಳಿದರು. ಮಂಡಿನೋವಿನವರಿಗೆ ಕೇಳಬಾರದ ಪ್ರಶ್ನೆ.

ತಪಾಸಣೆ ಶುರುವಾಯಿತು. ಕೆಳಗಿನ ಕಂಪ್ಯೂಟರ್ ಮಲಗಿತ್ತು. ಅರ್ಧ ಗಂಟೆ ಯಾರೂ ಮುಟ್ಟದಿದ್ದರೆ ಮಲಗಬೇಕೆಂಬುದು ಅದರ ಸೆಟ್ಟಿಂಗು. ಎಬ್ಬಿಸಲು ಮೌಸ್ ಅಲ್ಲಾಡಿಸಬೇಕು, ಮೌಸ್ ಇರುವುದು ಕೆಳಗೆ. ಇಳಿದು ಎಬ್ಬಿಸಿ ಹತ್ತಿ ಬಂದರೆ ವಿಳಾಸ ಬದಲಾಗಿದೆ. ಮನೆಯೊಳಗಿನ ವಿಳಾಸಗಳನ್ನು ಹಂಚುವುದು ರೌಟರ್. ನಿನ್ನೆ 192.168.1.5ರಲ್ಲಿದ್ದ ಡೆಸ್ಕ್‌ಟಾಪ್ ಇವತ್ತು 192.168.1.8ರಲ್ಲಿದೆ, ಐದಕ್ಕೆ ಟೀವಿ ಬಂದು ಸೇರಿದೆ. ರಾಯರು ಅರ್ಧ ಬೆಳಗ್ಗೆ ಟೀವಿಯ ಕದ ತಟ್ಟಿದರು. ಅದು ಸರಿಹೋದಮೇಲೆ ತಿಳಿದದ್ದು, ಮಗ ಲ್ಯಾಪ್‌ಟಾಪನ್ನು ಗೆಸ್ಟ್ ವೈಫೈಗೆ ಕಟ್ಟಿಹೋಗಿದ್ದಾನೆ. ಗೆಸ್ಟ್‌ಗಳು ಇಂಟರ್ನೆಟ್ ಬಳಸಬಹುದು, ಮನೆಯ ಉಳಿದ ಯಂತ್ರಗಳನ್ನು ಮುಟ್ಟುವಂತಿಲ್ಲ. ಸಾಲ ಮಾಡಿ ಮಹಡಿ ಕಟ್ಟಿಸಿದವರು ಅದೇ ಮಹಡಿಯಲ್ಲಿ ಅತಿಥಿ.

ಪೆಟ್ಟಿಗೆ ಹೇಳಿದ ಮೊದಲ ಕಾರಣವನ್ನು ರಾಯರು ಕೊನೆಗಿಟ್ಟಿದ್ದರು. ನನ್ನ ಯಂತ್ರ ನನಗೇ ಅಪ್ಪಣೆ ಕೊಟ್ಟಿಲ್ಲ ಎಂಬುದನ್ನು ಯಾವ ಯಜಮಾನ ತಾನೇ ಬೇಗ ಒಪ್ಪುತ್ತಾನೆ? ಸೆಟ್ಟಿಂಗ್ಸ್ ತೆರೆದರೆ ಅಲ್ಲೊಂದು ಸಾಲು ಆರಾಮವಾಗಿ ಕೂತಿತ್ತು: ನಿಮ್ಮದು ಹೋಮ್ ಆವೃತ್ತಿ, ಇದರಲ್ಲಿ ರಿಮೋಟ್ ಡೆಸ್ಕ್‌ಟಾಪ್ ಇಲ್ಲ. ಹೋಮ್‌ನವರು ಬೇರೆಯವರ ಕಂಪ್ಯೂಟರಿಗೆ ಹೋಗಬಹುದು, ತಮ್ಮಲ್ಲಿಗೆ ಯಾರನ್ನೂ ಕರೆಯುವಂತಿಲ್ಲ. ಈ ಪಂಕ್ತಿಭೇದ 2001ರಲ್ಲಿ ಎಕ್ಸ್‌ಪಿ ಬಂದಾಗಿನಿಂದಲೂ ಇದೆ. ಪ್ರೊಫೆಷನಲ್‌ಗೆ ಉಂಟು, ಹೋಮ್‌ಗೆ ಇಲ್ಲ.

ಎಲ್ಲ ಸುರಕ್ಷತೆಗಾಗಿ ಎಂದು ಸಮಾಧಾನ ಹೇಳುವವರಿದ್ದಾರೆ. ಭಯವೇನೂ ಸುಳ್ಳಲ್ಲ. ರಿಮೋಟ್ ಡೆಸ್ಕ್‌ಟಾಪಿನ 3389ನೇ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಟ್ಟವರ ಬಾಗಿಲನ್ನು ಯಾರು ಯಾರೋ ಬಂದು ತಟ್ಟುತ್ತಾರೆ. 2019ರ ಮೇ ತಿಂಗಳಲ್ಲಿ ಬ್ಲೂಕೀಪ್ ಎಂಬ ತೂತು ಬಯಲಾದಾಗ, ಬೆಂಬಲ ನಿಂತು ಐದು ವರ್ಷ ಕಳೆದಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತೇಪೆ ಹಚ್ಚಬೇಕಾಯಿತು. ಸರಿ. ಆದರೆ ದುಡ್ಡು ಕೊಟ್ಟು 25 ಅಕ್ಷರದ ಕೀ ಕೊಂಡು ಪ್ರೊ ಮಾಡಿಸಿಕೊಂಡರೆ ಅದೇ ಯಂತ್ರ, ಅದೇ ಬಾಗಿಲು, ಒಂದು ರೀಸ್ಟಾರ್ಟಿಗೆ ತೆರೆದುಕೊಳ್ಳುತ್ತದೆ. ರಸೀದಿ ತೋರಿಸಿದರೆ ಕಳ್ಳರ ಭಯ ಹೋಗುತ್ತದೆಂದು ನಮ್ಮ ಪೊಲೀಸರು ಕೂಡ ಇನ್ನೂ ಹೇಳಿಲ್ಲ.

ಇತ್ತ ಕಳ್ಳನಿಗೆ ಈ ಯಾವ ತಾಪತ್ರಯವೂ ಇಲ್ಲ. ಅವನು ವಿಳಾಸ ಹುಡುಕುವುದಿಲ್ಲ, ಪೋರ್ಟ್ ಕೇಳುವುದಿಲ್ಲ. "ಬ್ಯಾಂಕಿಂದ ಸಾರ್, ನಿಮ್ಮ ಕೆವೈಸಿ ಮುಗ್ದಿದೆ, ಈ ಆ್ಯಪ್ ಹಾಕ್ಕೊಳಿ, ಅದ್ರಲ್ಲಿ ಬರೋ ಒಂಬತ್ತು ನಂಬರ್ ಹೇಳಿ" ಎನ್ನುತ್ತಾನೆ. ನಮ್ಮವರು ಕನ್ನಡಕ ಒರೆಸಿಕೊಂಡು ಒಂದೊಂದೇ ಅಂಕಿ ಬಿಡಿಸಿ ಓದುತ್ತಾರೆ. ತಪ್ಪು ತಿಳಿದುಕೊಂಡಾನೆಂದು "ಆರು, ಸಿಕ್ಸ್, ಸಿಕ್ಸ್" ಎಂದು ಒತ್ತಿಯೂ ಹೇಳುತ್ತಾರೆ. 2019ರ ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕು ಎನಿಡೆಸ್ಕ್ ಹೆಸರೆತ್ತಿ ಬ್ಯಾಂಕುಗಳನ್ನು ಎಚ್ಚರಿಸಿದ್ದು ಇದೇ ವಿದ್ಯೆಯ ಬಗ್ಗೆ. ಇಂಥ ಆ್ಯಪ್‌ಗಳಿಗೆ ಹೋಮ್, ಪ್ರೊ ಎಂಬ ಭೇದವಿಲ್ಲ. ಎರಡೂ ಕಡೆಯ ಯಂತ್ರಗಳು ತಾವಾಗಿಯೇ ಹೊರಗೆ ಹೋಗಿ ನಡುವಿನ ಸರ್ವರಿನಲ್ಲಿ ಕೈಕುಲುಕುವುದರಿಂದ ರೌಟರೂ ತಕರಾರು ತೆಗೆಯುವುದಿಲ್ಲ; ಒಳಗೆ ಬರುವವರನ್ನು ತಡೆಯುವುದಷ್ಟೇ ಅದರ ಡ್ಯೂಟಿ. ಯಂತ್ರದ ಅನುಮಾನವೆಲ್ಲ ಮನೆ ಯಜಮಾನನ ಮೇಲೆ.

ರಾಯರು ದುಡ್ಡು ಕಟ್ಟಿದರು. ಪ್ರೊ ಆಯಿತು, ಬಾಗಿಲು ಓಗೊಟ್ಟಿತು, ಪಾಸ್‌ವರ್ಡ್ ಕೇಳಿತು. ಅವರಿಗೆ ಗೊತ್ತಿದ್ದದ್ದು ಪಿನ್. ಪಿನ್ ನಡೆಯುವುದು ಆ ಯಂತ್ರದ ಮುಂದೆಯೇ ಕೂತವರಿಗೆ. ಪಾಸ್‌ವರ್ಡ್ ಇಟ್ಟವನು ಮಗ, ಅವನೂರಲ್ಲಿ ಆಗ ನಡುರಾತ್ರಿ. ಸಂಜೆ ಅವನು ಎದ್ದು ಹೇಳಿದ ಪಾಸ್‌ವರ್ಡನ್ನು ಗಂಡ ಹೆಂಡತಿ ಇಬ್ಬರೂ ಕ್ಯಾಲೆಂಡರಿನ ಹಿಂದೆ ಬರೆದುಕೊಂಡರು. ಸುರಕ್ಷತೆಯ ಮಾತು ಅಲ್ಲಿಗೆ ಮುಗಿಯಿತು.

ರಾಯರು ಮಹಡಿಯಿಂದ ಎಂಟರ್ ಒತ್ತಿದರು. ಕೆಳಗಿನ ಪರದೆ ಅಕ್ಷರ ಅಕ್ಷರವಾಗಿ ಮೇಲೆ ಮೂಡಿತು, ವಂಶವೃಕ್ಷ ಅಚ್ಚ ಕನ್ನಡದಲ್ಲಿ ತೆರೆದುಕೊಂಡಿತು. ಆದರೆ ಈ ವ್ಯವಸ್ಥೆಯಲ್ಲಿ ಒಂದು ಹೊತ್ತಿಗೆ ಒಬ್ಬರೇ; ಮೇಲಿನವರು ಒಳಗೆ ಬಂದರೆ ಕೆಳಗೆ ಕೂತವರ ಪರದೆಗೆ ಬೀಗ. ಕೆಳಗೆ ಕೂತವರು ಸುಮ್ಮನಿರುವ ಪೈಕಿಯಲ್ಲ, ಕ್ಯಾಲೆಂಡರ್ ತಿರುವಿ ಪಾಸ್‌ವರ್ಡ್ ಒತ್ತಿದರು. ಮುತ್ತಾತನ ಹೆಸರಿನ ಮೇಲೆ ಹೊಸ ಪೆಟ್ಟಿಗೆ ಬಂತು: ಬೇರೊಬ್ಬ ಬಳಕೆದಾರರು ಸಂಪರ್ಕ ಪಡೆದ ಕಾರಣ ನಿಮ್ಮ ಸಂಪರ್ಕ ಕಡಿದಿದೆ.

"ರೀ, ಕರೆಂಟ್ ಬಿಲ್ ಕಟ್ತಿದ್ದೆ, ಓಟಿಪಿ ಹಾಕೋ ಹೊತ್ತಿಗೆ ಸ್ಕ್ರೀನೇ ಹೋಯ್ತು!" ಬೇರೊಬ್ಬ ಬಳಕೆದಾರರು ಕೆಳಗಿನಿಂದ ಕೂಗಿದರು. "ದುಡ್ಡು ಕಟ್ ಆಯ್ತೋ ಇಲ್ವೋ, ಮೇಲಿಂದಾನೇ ನೋಡಿ ಹೇಳಿ!"